ದ್ಯಾಮವ್ವನ ಆಧಾರ್ ಕಾರ್ಡು

“ದ್ಯಾಮವ್ವನ ಆಧಾರ್ ಕಾರ್ಡ್ ತಂದಿದ್ರಾ ಅಮ್ಮ?” ಎಂದು ನಂದನ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಾಗ ಗುರುಶಾಂತವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಊರ ದೇವತಿಗೆ ಎಲ್ಲೀ ಆಧಾರಪ್ಪಾ? ಗುಡಿಯೊಳಗ ಕುಂತಾಕಿ ಬೆರಳಚ್ಚು ಕೊಡಾಕ ಶಿರಸಿಗೆ ಬರ್ತಾಳೇನು?”

ನಂದನ ಪಿಳಿಪಿಳಿ ಕಣ್ಣುಬಿಟ್ಟ. ಅರ್ಜಿಯಲ್ಲಿದ್ದ ಹೆಸರು ಯಾರೋ ಅಜ್ಜಿಯದೆಂದು ಅವನು ತಿಳಿದಿದ್ದ. ಪಾಪ, ಶಿರಸಿ ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಬನವಾಸಿ ಕಡೆಯ ಹೆಂಗಸರ ಸಂಘದ ಕಥೆ ಹೇಗೆ ಗೊತ್ತಿರಬೇಕು? ಶಾವಿಗೆ ಮಾರುವ ಆ ಸಂಘ ಕಟ್ಟಿದವರು ಗುರುಶಾಂತವ್ವ, ಶಾರದವ್ವ ಇಬ್ಬರು. ಐದು ವರ್ಷದ ಹಿಂದೆ, ಶಾವಿಗೆ ಮಾರಲು ತೆಗೆದ ಇಂಟರ್ನೆಟ್ಟಿನ ವಿಳಾಸ ಯಾರ ಹೆಸರಿನಲ್ಲಿ ಇರಬೇಕೆಂದು ಇಬ್ಬರಿಗೂ ಜಗಳ ಹತ್ತಿ, ಜಡೆ ಹಿಡಿಯುವುದೊಂದು ಬಾಕಿ ಉಳಿದಿತ್ತು. ಗದ್ದೆಯ ಬದುವಿನ ತಂಟೆ ಬಂದಾಗ ಊರಲ್ಲಿ ಏನು ಮಾಡುತ್ತಾರೋ ಕೊನೆಗೆ ಅದನ್ನೇ ಮಾಡಿದರು. ದೇವಿಯ ಹೆಸರು ಬರೆಸಿ ಕೈ ತೊಳೆದುಕೊಂಡರು. ಶಾರದವ್ವ ಸಂಘಕ್ಕೆ ಬರುವುದನ್ನೇ ಬಿಟ್ಟಳು. ಅಂದು ಮುರಿದ ಮಾತು ಇಂದಿಗೂ ಕೂಡಿರಲಿಲ್ಲ.

ಈಗ ಆ ವಿಳಾಸ ಕೊಟ್ಟ ಕಂಪನಿ ಬಾಗಿಲು ಹಾಕುತ್ತಿದೆ. ಸಂಜೆ ಆರರೊಳಗೆ ಬೇರೆ ಕಂಪನಿಗೆ ವರ್ಗಾಯಿಸದಿದ್ದರೆ ‘ದ್ಯಾಮವ್ವ ಶಾವಿಗೆ ಡಾಟ್ ಇನ್’ ಕೈತಪ್ಪಿದಂತೆಯೇ. ಹದಿನಾಲ್ಕು ಮನೆಯ ಹೆಂಗಸರು ಅದನ್ನೇ ನಂಬಿಕೊಂಡು ಶಾವಿಗೆ ಹೊಸೆಯುತ್ತಿದ್ದರು.

“ನೋಂದಣಿಯಾಗಿ ಅರವತ್ತು ದಿನ ದಾಟಿರ್ಬೇಕು, ದಾಟಿದೆ. ಹಳೇ ಕಂಪನಿ ವಿಳಾಸಕ್ಕೆ ಹಾಕಿದ ಬೀಗ ತೆಗೆದಿರ್ಬೇಕು, ತೆಗ್ದಾಯ್ತು. ಇಂಡಿಯಾದ ವಿಳಾಸಕ್ಕೆ ಮಾಲೀಕರ ಗುರುತಿನ ಚೀಟಿಯೂ ಬೇಕು ಅಂತ ಹೇಳ್ತದೆ ಹೊಸ ಕಂಪನಿ. ಅದೊಂದೇ ಬಾಕಿ,” ಎಂದ ನಂದನ.

“ಪಹಣಿಯೊಳಗ ಅಕಿ ಹೆಸರಿಲೆ ನಾಕು ಗುಂಟೆ ಐತಿ. ಸರಕಾರನಽ ಒಪ್ಪೇತಿ, ಆ ಕಂಪನಿಗೇನು ಧಾಡಿ?”

“ಹಂಗಾದ್ರೆ ಗುಡಿ ನೋಡ್ಕಳೋರು ಯಾರೋ, ಅವರ ಆಧಾರ್, ಸಹಿ ಆಗ್ತದೆ.”

ಗುರುಶಾಂತವ್ವ ಹಣೆ ಚಚ್ಚಿಕೊಂಡಳು. ಹೋದ ವರ್ಷ ಶಾರದವ್ವನ ಗಂಡ ತೀರಿಕೊಂಡ ಮೇಲೆ ಗುಡಿಯ ಮೊಕ್ತೇಸರಿಕೆ ಅವಳಿಗೇ ಬಂದಿತ್ತು.

ಗುರುಶಾಂತವ್ವನ ಮುಖ ನೋಡಿ ಕನಿಕರವಾಗಿ ನಂದನ ಒಂದು ಹಾಳೆ ಮುಂದಿಟ್ಟ. “ನೋಂದಣಿಲಿ ಫೋನ್ ನಂಬರ್ ನಿಮ್ದೇ ಇದೆ. ದ್ಯಾಮವ್ವ ಅಂದ್ರೆ ನಾನೇ, ಮನೇಲಿ ಕರಿಯೂ ಹೆಸ್ರು ಅಂತ ಬರ್ದು ಸಹಿ ಮಾಡಿ. ನಿಮ್ಮ ಆಧಾರೇ ಸಾಕು. ಎಂತ ಆಗೂದಿಲ್ಲ.”

ಒಂದು ಸಹಿ ಹಾಕಿದರೆ ಐದು ವರ್ಷದ ಜಗಳ ಗೆದ್ದಂತೆ. ಗೆಲ್ಲುವ ಆಸೆ ಅವಳಿಗಿರಲಿಲ್ಲವೇ? ಹೊಟ್ಟೆತುಂಬ ಇತ್ತು! ಪೆನ್ನು ಹಿಡಿದು ‘ಗು’ ಎಂದು ಬರೆದಳು ಕೂಡ. ಅಲ್ಲಿಗೇ ಕೈ ನಿಂತಿತು. ದೇವಿಗೆ ಹೆದರಿದಳೆಂದು ನಂದನ ಅಂದುಕೊಂಡ. ಅದಲ್ಲ. ಶಾರದವ್ವನ ಗಂಡ ಸತ್ತ ದಿನ ಊರಿಗೆ ಊರೇ ಹೋಗಿ ಕೂತಿದ್ದರೂ ತಾನು ಆ ಹೊಸ್ತಿಲು ತುಳಿದಿರಲಿಲ್ಲ. ಗುರುಶಾಂತವ್ವನಿಗೆ ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು.

“ಅಯ್ಯ ಶಿವನೇ, ಬ್ಯಾಡಪ್ಪಾ,” ಎಂದು ಹಾಳೆಯನ್ನು ಹರಿದು, ಫೋನು ಹಚ್ಚಿದಳು.

ಆ ಕಡೆ ಶಾರದವ್ವ ಎತ್ತಿದಳು.

“ಶಾರದಾ, ನಾನು. ಶಿರಸ್ಯಾಗ ಅದೀನಿ. ಶಾವಿಗಿ ವಿಳಾಸ ಆರರೊಳಗ ವರ್ಗಾ ಆಗಬೇಕು, ಇಲ್ಲಂದ್ರ ಕೈಬಿಟ್ಟು ಹೋಗ್ತೈತಿ. ಗುಡಿ ಕಡೆಯಿಂದ ನಿನ್ನ ಸಹಿನಽ ಬೇಕಂತ. ನಿನ್ನ ಹೆಸರಿಗೇ ಆಗ್ಲಿ. ಆಧಾರ್ ತಗೊಂಡು ಬಾರವ್ವಾ.”

ಆ ಕಡೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಮೂರೂವರಿ ಬಸ್ಸಿಗೆ ಬರ್ತೀನಿ,” ಎಂದಳು ಶಾರದವ್ವ. ಫೋನು ಇಡಲಿಲ್ಲ. “ಉಂಡಿಯೇನು?”

“ಇಲ್ಲ.”

“ತರ್ತೀನಿ, ತಡಿ.”

ಗುರುಶಾಂತವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತಳು.