ನಾಲ್ಕು ಸೇರಿಸಿ

"ನೂರಾ ನಾಲ್ಕಾ?" ಎಂದು ಪರೀಕ್ಷಕರು ಕೇಳಿದ್ದು ಪ್ರಯೋಗಾಲಯದ ತೆರೆದ ಬಾಗಿಲಿನಿಂದ ಹೊರಗಿನ ಬೆಂಚಿನವರೆಗೂ ಕೇಳಿಸಿತು. "ಎಲ್ಲರ ನೀರೂ ನೂರಕ್ಕೆ ಕುದಿಯಿತು. ನಿನ್ನದು ಮಾತ್ರ ಯಾಕಮ್ಮ ಹಟ ಮಾಡ್ತಿದೆ?"

ಬೆಂಚಿನ ಮೇಲೆ ಕೂತಿದ್ದ ವಿಜ್ಞಾನದ ಮೇಡಂ ಕಣ್ಣು ಮುಚ್ಚಿಕೊಂಡರು. ಆ ನಾಲ್ಕು ಎಲ್ಲಿಂದ ಬಂತೆಂದು ಅವರಿಗೆ ತಕ್ಷಣ ಹೊಳೆದಿತ್ತು.

ಅವರ ಶಾಲೆ ಇದ್ದದ್ದು ಗ್ಯಾರೇಜುಗಳ ಸಾಲಿನ ಹಿಂದೆ. ಅಲ್ಲಿ ಪ್ರಯೋಗಾಲಯವೆಂದರೆ ಒಂದು ಬೀರು, ಬೀರುವಿನಲ್ಲಿ ಒಂದೇ ಒಂದು ಥರ್ಮಾಮೀಟರ್. ಅದರ ಗಾಜಿನೊಳಗಿನ ಅಳತೆಪಟ್ಟಿ ಯಾವಾಗಲೋ ಜಾರಿಹೋಗಿ, ಏನನ್ನು ಅಳೆದರೂ ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಹೊಸದು ಬೇಕೆಂದರೆ ಮುಖ್ಯೋಪಾಧ್ಯಾಯರು, "ಮೊದಲು ಛಾವಣಿ ಸೋರೋದು ನಿಲ್ಲಲಿ" ಅನ್ನುತ್ತಿದ್ದರು. ಒಮ್ಮೆ ಮೇಡಂ ಊಟದ ಡಬ್ಬಿಯಲ್ಲಿ ಐಸ್ ತಂದು, ಕರಗುವ ಐಸಿನಲ್ಲಿ ಸೊನ್ನೆ ತೋರಿಸಬೇಕಾದದ್ದು ಸೊನ್ನೆಗಿಂತ ನಾಲ್ಕು ಕೆಳಗೆ ನಿಂತದ್ದನ್ನು ಮಕ್ಕಳಿಗೆ ತೋರಿಸಿದ್ದರು. ಮಕ್ಕಳು ಅದಕ್ಕೆ ಬುರುಡೆದಾಸ ಎಂದು ಹೆಸರಿಟ್ಟರು. ಅಂದಿನಿಂದ ತರಗತಿಯಲ್ಲಿ ಒಂದೇ ಮಾತು: ಓದಿ, ನಾಲ್ಕು ಸೇರಿಸಿ. ಐಸ್ ಮತ್ತೆ ಬರಲಿಲ್ಲ. ನಾಲ್ಕು ಮಾತ್ರ ಮಗ್ಗಿಯಂತೆ ಬಾಯಿಪಾಠವಾಯಿತು.

ಒಳಗೆ ಕೊನೆಯ ಮೇಜಿನ ಹತ್ತಿರ ನಿಂತವಳನ್ನು ಶಾಲೆಯಲ್ಲಿ ಎಲ್ಲರೂ ಗುಂಡುಸೂಜಿ ಎನ್ನುತ್ತಿದ್ದರು. ಅಷ್ಟು ತೆಳ್ಳಗೆ, ಅಷ್ಟೇ ಚೂಪು. ಈಗ ಪರೀಕ್ಷೆಗೆ ಬಂದಿದ್ದ ಈ ದೊಡ್ಡ ಶಾಲೆಯಲ್ಲಿ ಶುಲ್ಕವಿಲ್ಲದೆ ವಿಜ್ಞಾನ ಓದಲು ಇರುವುದು ಒಂದೇ ಸೀಟು. ಲಿಖಿತ ಪರೀಕ್ಷೆಯಲ್ಲಿ ಅವಳೇ ಮುಂದಿದ್ದಳು, ಈ ಪ್ರಯೋಗವೊಂದು ಉಳಿದಿತ್ತು.

"ಏನಂತೆ ಮೇಡಂ?" ಬೆಂಚಿನ ಮೇಲೆ ಪಕ್ಕದಲ್ಲಿದ್ದ ಅವಳ ತಾಯಿ ಕೇಳಿದಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸ ಅವಳದು. ಅರ್ಧ ದಿನ ರಜೆ ಹಾಕಿ ಬಂದಿದ್ದಳು.

"ತಪ್ಪು ಬರೆದಿದ್ದಾಳೆ. ನಾನು ಹೇಳಿಕೊಟ್ಟಿದ್ದನ್ನೇ ಬರೆದಿದ್ದಾಳೆ."

"ನೀವು ಹೇಳಿಕೊಟ್ಟಿದ್ದು ತಪ್ಪು ಹೆಂಗಾಗುತ್ತೆ?"

"ನಮ್ಮ ಥರ್ಮಾಮೀಟರ್ ಕೆಟ್ಟಿದೆ, ಅದಕ್ಕೆ ನಾಲ್ಕು ಸೇರಿಸ್ತೀವಿ. ಇವರದ್ದು ಸರಿಯಾಗಿದೆ. ಸರಿಯಾಗಿರೋದಕ್ಕೂ ಸೇರಿಸಿಬಿಟ್ಟಿದ್ದಾಳೆ."

ತಾಯಿ ಸ್ವಲ್ಪ ಯೋಚಿಸಿದಳು. "ಮನೇಲಿ ನಾನು ಒಂದು ಅಂದ್ರೆ ಎರಡು ಸೇರಿಸಿ ತಿರುಗಿಸಿ ಕೊಡ್ತಾಳೆ. ನಿಮ್ಮ ಮಾತನ್ನಾದ್ರೂ ಇಷ್ಟು ಪಾಲಿಸ್ತಾಳಲ್ಲ! ಹೋಗಿ ಒಂದು ಮಾತು ಹೇಳಿಬನ್ನಿ."

"ಹೇಳೋ ಹಾಗಿಲ್ಲಮ್ಮ." ಅರ್ಧ ಎದ್ದಿದ್ದ ಮೇಡಂ ಮತ್ತೆ ಕೂತರು.

ಒಳಗೆ ಗುಂಡುಸೂಜಿ ತನ್ನ ಹಾಳೆಯನ್ನು, ಆಮೇಲೆ ಥರ್ಮಾಮೀಟರನ್ನು ನೋಡಿದಳು. ಸರಿಯುತ್ತರ ಪರೀಕ್ಷಕರ ಬಾಯಿಂದಲೇ ಬಂದಿತ್ತು. ರಬ್ಬರು ಕೈಯಳತೆಯಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.

"ಸಾರ್, ಸ್ವಲ್ಪ ಐಸ್ ಸಿಗುತ್ತಾ?"

"ಐಸಾ? ಇದೇನು ಜ್ಯೂಸ್ ಅಂಗಡೀನಾ?"

ಬೇರೆ ಮೇಜುಗಳಲ್ಲಿ ನಗು ಎದ್ದಿತು.

"ಅಲ್ಲ ಸಾರ್. ನಮ್ಮ ಸ್ಕೂಲಿನ ಥರ್ಮಾಮೀಟರ್ ನಾಲ್ಕು ಡಿಗ್ರಿ ಬುರುಡೆ ಬಿಡುತ್ತೆ. ಅದೇ ಅಭ್ಯಾಸದಲ್ಲಿ ಇದಕ್ಕೂ ನಾಲ್ಕು ಸೇರಿಸಿಬಿಟ್ಟೆ. ನಿಮ್ಮದು ಎಷ್ಟು ಬಿಡುತ್ತೆ ಅಂತ ಮೊದಲು ನೋಡಬೇಕಿತ್ತು."

ನಗು ನಿಂತಿತು. ಪರೀಕ್ಷಕರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಏನೂ ಬಿಡದೇ ಇದ್ರೆ?"

"ಆಗ ಸೇರಿಸಬಾರದು ಸಾರ್. ಆದ್ರೆ ನೋಡದೇ ಹೇಗೆ ಗೊತ್ತಾಗುತ್ತೆ?"

ಅಟೆಂಡರ್ ಶಿಕ್ಷಕರ ಕೋಣೆಯ ಫ್ರಿಜ್ಜಿನಿಂದ ಒಂದು ಸ್ಟೀಲ್ ಲೋಟದ ತುಂಬ ಐಸ್ ತಂದುಕೊಟ್ಟ. ಮೇಡಂ ಬಾಗಿಲಿನ ಕಡೆ ಸರಿದು ಕೂತರು. ಹುಡುಗಿ ಐಸನ್ನು ಕುಟ್ಟಿ, ಮೇಲೆ ಸ್ವಲ್ಪ ನೀರು ಹಾಕಿದಳು. ಕುದಿನೀರಿನಿಂದ ತೆಗೆದ ಗಾಜನ್ನು ನೇರವಾಗಿ ಐಸಿಗೆ ಇಳಿಸದೆ ಗಾಳಿಯಲ್ಲಿ ಹಿಡಿದು ಆರಲು ಬಿಟ್ಟಳು. ಇದನ್ನು ಮೇಡಂ ಎಂದೂ ಹೇಳಿಕೊಟ್ಟಿರಲಿಲ್ಲ. ಇರುವುದೊಂದೇ, ಒಡೆದರೆ ಇನ್ನೊಂದಿಲ್ಲ ಎಂದು ತಿಳಿದ ಕೈಗೆ ಅದು ತಾನಾಗಿಯೇ ಬಂದಿತ್ತು.

ಆಮೇಲೆ ಅದನ್ನು ಐಸಿನಲ್ಲಿಳಿಸಿ, ಬಗ್ಗಿ, ಪಾದರಸದ ಮಟ್ಟಕ್ಕೆ ಕಣ್ಣಿಟ್ಟು ತುಂಬ ಹೊತ್ತು ನಿಂತಳು.

"ಸೊನ್ನೆ," ಎಂದಳು, ಸ್ವಲ್ಪ ನಿರಾಸೆಯಿಂದಲೇ. "ಇದು ನಿಜಾನೇ ಹೇಳುತ್ತೆ ಸಾರ್."

ನೂರಾ ನಾಲ್ಕರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನೂರು ಎಂದು ಬರೆದಳು. ಹೊಡೆದುಹಾಕಿದ್ದು ಓದಲು ಬರುವಂತೆಯೇ ಇತ್ತು. ಕೆಳಗೆ ಎರಡು ಸಾಲು ಕಾರಣ ಬರೆದು ಹಾಳೆ ಕೊಟ್ಟಳು.

ಪರೀಕ್ಷಕರು ಅದನ್ನು ಓದಿ, ಇನ್ನೊಬ್ಬ ಪರೀಕ್ಷಕಿಗೆ ತೋರಿಸಿದರು. ಇಬ್ಬರೂ ಕಿಟಕಿಯ ಬಳಿ ನಿಂತು ಮೆಲ್ಲಗೆ ಮಾತಾಡಿದರು. ಉಳಿದವರ ಹಾಳೆಗಳನ್ನೂ ನೋಡಿದ ಮೇಲೆ ಪರೀಕ್ಷಕರು ಹೊರಗೆ ಬಂದರು. ಮೇಡಂ ಎದ್ದು ನಿಂತರು.

"ಆ ನಾಲ್ಕು ನಂದು ಸಾರ್. ಅವಳದ್ದಲ್ಲ."

"ಐಸೂ ನಿಮ್ಮದೇ ತಾನೇ?" ಎಂದು ಪರೀಕ್ಷಕರು ನಕ್ಕರು. ತಾಯಿಯ ಕಡೆ ತಿರುಗಿ, "ಹೋಗೋ ಮುಂಚೆ ಕೆಳಗೆ ಆಫೀಸಿನಲ್ಲಿ ಮಗಳ ಯೂನಿಫಾರ್ಮಿಗೆ ಅಳತೆ ಕೊಟ್ಟು ಹೋಗಿ" ಅಂದರು.

ತಾಯಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಇವಳಿಗೇನು ಅಳತೆ ಸಾರ್," ಎಂದಳು ಆಮೇಲೆ. "ಅಗಲಕ್ಕೆ ಬಟ್ಟೆ ಬೇಡವೇ ಬೇಡ. ಉದ್ದಕ್ಕೆ ಮಾತ್ರ ಎರಡು ಮಡಿಕೆ ಜಾಸ್ತಿ ಬಿಡಿಸಿ."

"ಅಮ್ಮಾ, ಸುಮ್ನಿರು!"

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಲೋಟ ವಾಪಸು ಕೊಡುವುದನ್ನು ಮರೆತು ಹಾಗೆಯೇ ಹಿಡಿದುಕೊಂಡು ಬಂದಿದ್ದಳು. ಮೇಡಂ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡರು. ಬೆರಳುಗಳು ಮರಗಟ್ಟಿ ಕೆಂಪಾಗಿದ್ದವು. ಬೆಚ್ಚಗಿನ ಜಾಗ ಹುಡುಕಿ ಅವಳು ಎರಡೂ ಕೈಗಳನ್ನು ತಾಯಿಯ ಕುತ್ತಿಗೆಗೆ ಒತ್ತಿದಳು. "ಅಯ್ಯೋ ನಿನ್ನ!" ಎಂದು ತಾಯಿ ಕಿರುಚಿದ್ದಕ್ಕೆ ಆ ಉದ್ದನೆಯ, ನಿಶ್ಶಬ್ದ ಕಾರಿಡಾರಿನ ತುದಿಯವರೆಗೂ ಒಂದೊಂದೇ ಬಾಗಿಲಿನಿಂದ ತಲೆಗಳು ಹೊರಗೆ ಇಣುಕಿದವು.