ಹುಳಿಜೇನು ಮತ್ತು ಹೆಬ್ಬೆರಳು

ತಮ್ಮ ಜೈದಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಕ್ಕಾ, ಮಕ್ ಕಾಲಿನ ಹೆಬ್ಬೆರಳು ಕಪ್ಪಾಗಿದೆ. ಆಸ್ಪತ್ರೆ ಅಂದ್ರೆ ಮೈಮೇಲೇ ಬರ್ತಾಳೆ. ನೀನೇ ಬಾ." ಮಕ್ ಅಂದರೆ ಅವರ ಅಮ್ಮ, ಸಕ್ಕರೆ ಕಾಯಿಲೆಯವಳು. ರೋಸ್ನಾನಿ ಕೋಟಾ ಬಾರು ನಗರದ ಪ್ರಯೋಗಶಾಲೆಯಿಂದ ಹೊರಟವಳು ಹಲ್ಲು ಕಚ್ಚಿಕೊಂಡೇ ಕಾರು ಓಡಿಸಿದಳು. ದಾರಿಯಲ್ಲಿ ನಿಲ್ಲಿಸಿ ಪ್ರಯೋಗಶಾಲೆಯ ಮುಖ್ಯಸ್ಥ ಪ್ರೊಫೆಸರ್ ಹಿಷಾಮ್‌ಗೆ ಫೋನು ಮಾಡಿದಳು.

"ಟಿವಿಲಿ ನಾನು ಮಾತ್ರೆ ಮರೀಬಹುದು ಅಂದೆ ರೋಸ್ನಾನಿ, ಬಿಟ್ಬಿಡಿ ಅಂತ ಎಲ್ಲಂದೆ?" ಎಂದ ಆ ಮಹಾನುಭಾವ. "ಮುಂದಿನ ವಾರ ಇನ್ನೊಂದು ಚಾನೆಲ್‌ನವರು ಬರ್ತಿದಾರೆ. ಒಳ್ಳೆ ಬಟ್ಟೆ ಹಾಕ್ಕೊಂಡು ಬಾ."

ಫೋನನ್ನು ಪಕ್ಕದ ಸೀಟಿಗೆ ಎಸೆದಳು. ಅವಳ ಎರಡು ವರ್ಷದ ಕೆಲಸದಲ್ಲಿ ಸಿಕ್ಕಿದ್ದು ಒಂದು ಸಣ್ಣ, ನಿಜವಾದ ಸಂಗತಿ. ಕೆಲುಲುತ್ ಎಂಬ ಕುಟುಕದ ಜೇನುನೊಣಗಳ ಹುಳಿಜೇನಿನಲ್ಲಿ ಒಂದು ಬಗೆಯ ಸಕ್ಕರೆ ಇದೆ, ಅದು ಇಲಿಗಳ ರಕ್ತದಲ್ಲಿ ನಿಧಾನಕ್ಕೆ ಏರುತ್ತದೆ. ಅಷ್ಟೇ. ಇಲಿಯನ್ನು ಮನುಷ್ಯ ಮಾಡಿ, ನಿಧಾನವನ್ನು ಮದ್ದು ಮಾಡಿ ಟಿವಿಯಲ್ಲಿ ಬಡಾಯಿ ಕೊಚ್ಚಿದವನು ಹಿಷಾಮ್. ಆದರೆ ಅವನ ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದವಳು ಇವಳೇ ತಾನೆ? ಅದನ್ನು ನೆನೆದಾಗಲೆಲ್ಲ ಮೈ ಉರಿಯುತ್ತಿತ್ತು.

ಮನೆ ಮುಂದಿನ ರಂಬುಟಾನ್ ಮರದ ಕೆಳಗೆ ಜೇನು ಗೂಡು ಕಟ್ಟಿದ ಮರದ ದಿಮ್ಮಿಗಳು ಸಾಲಾಗಿ ನಿಂತಿದ್ದವು. ಮಕ್ ಒಂದು ದಿಮ್ಮಿಯ ಮೇಲಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಣದ ಪುಟ್ಟ ಕುಡಿಕೆಗೆ ಕೊಳವೆ ಚುಚ್ಚಿ ಎಳನೀರು ಹೀರುವ ಹಾಗೆ ಹೀರುತ್ತಿದ್ದಳು. ಎಡಗಾಲಿನ ಹೆಬ್ಬೆರಳಿಗೂ ಅದೇ ಜೇನು ಮೆತ್ತಿ ಬಟ್ಟೆ ಸುತ್ತಿದ್ದಳು. ಬಟ್ಟೆಯ ಅಂಚಿನಿಂದ ಕೊಳೆತ ವಾಸನೆ ಬರುತ್ತಿತ್ತು.

"ಬಂದ್ಲಪ್ಪ ಟಿವಿ ಹೆಂಗ್ಸು! ಊಟ ಆಯ್ತಾ?"

"ಮಾತ್ರೆ ಎಲ್ಲಿ ಮಕ್?"

"ಕೋಳಿ ಗೂಡಿನ ಹಿಂದೆ ಬಿಸಾಕ್ದೆ. ನನ್ ಮಗಳೇ ಮದ್ದು ಕಂಡುಹಿಡಿದಿರೋವಾಗ ಆ ಮಾತ್ರೆ ಯಾಕೆ ನುಂಗ್ಲಿ?"

"ನಾನ್ ಹಂಗಂದ್ನಾ? ಇಲಿಗೆ ಕೊಟ್ಟು ನೋಡಿದ್ದು ಮಕ್, ಇಲಿಗೆ! ನಿನ್ ಕಾಲು ಕೊಳೀತಾ ಇದೆ, ಕಾಣ್ಸಲ್ವಾ?"

"ಕೂಗ್ಬೇಡ. ಅಕ್ಕಪಕ್ಕದೋರು ಕೇಳಿಸ್ಕೋತಾರೆ."

ಕಾಲಿಗಿಂತ ಅಕ್ಕಪಕ್ಕದವರದೇ ಚಿಂತೆ ಇವಳಿಗೆ! ರೋಸ್ನಾನಿ ಬೈದಳು, ಅತ್ತಳು, ಕೈಹಿಡಿದು ಎಳೆದಳು. ಮಕ್ ಕದಲಲಿಲ್ಲ. ಕೊನೆಗೆ ದನಿ ತಗ್ಗಿಸಿ ಒಂದು ಷರತ್ತು ಹಾಕಿದಳು.

"ಆಸ್ಪತ್ರೆಗೆ ಬರ್ತೀನಿ. ಆದ್ರೆ ಈ ಜೇನು ಮದ್ದಲ್ಲ ಅಂತ ಊರಲ್ಲಿ ಯಾರ್ ಮುಂದೂ ಬಾಯಿ ಬಿಡ್ಕೂಡ್ದು. ಸಕ್ಕರೆ ಕಾಯಿಲೆ ಇರೋರಿಗೆಲ್ಲ ನಾನೇ ಕೈಯಾರೆ ಕೊಟ್ಟಿದೀನಿ. ಮಾತ್ರೆ ಬಿಡಿ, ನನ್ ಮಗಳು ಹೇಳಿದಾಳೆ ಅಂದಿದೀನಿ. ಇನ್ನು ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ?"

ಹೂಂ ಅಂದುಬಿಟ್ಟರೆ ಮಕ್ ಈಗಲೇ ಕಾರು ಹತ್ತುತ್ತಾಳೆ. ಕಾಲು ಉಳಿದರೂ ಉಳಿದೀತು. ರೋಸ್ನಾನಿಯ ನಾಲಿಗೆಯ ತುದಿಗೆ ಆ ಹೂಂ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಪಾಕ್ ಸು ದೆರಮಾನ್ ಖಾಲಿ ಬಾಟಲಿ ಹಿಡಿದು ಬಂದ. ಅವನ ಹಿಂದೆ ಇಬ್ಬರು ಹೆಂಗಸರು, ಅವರ ಕೈಯಲ್ಲೂ ಬಾಟಲಿ. ಮುದುಕ ಕಣ್ಣು ಕಿರಿದು ಮಾಡಿಕೊಂಡು ನೆಲ ತಡವುವಂತೆ ಹೆಜ್ಜೆ ಇಡುತ್ತಿದ್ದ.

"ಕಣ್ಣು ಮಂಜಾಗಿದೆ ರೋಸ್ನಾನಿ," ಎಂದು ನಕ್ಕ. "ಮದ್ದು ಒಳಗೆ ಕೆಲಸ ಮಾಡ್ತಿದೆ ಅಂತ ನಿಮ್ಮಮ್ಮ ಹೇಳಿದ್ಲು."

ಮಕ್ ಮಗಳನ್ನು ದುರುಗುಟ್ಟಿ ನೋಡಿದಳು. ಆ ನೋಟ ರೋಸ್ನಾನಿಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ಅದಕ್ಕೆ ತಲೆ ತಗ್ಗಿಸಿಯೇ ಬೆಳೆದವಳು.

"ಅದು ಮದ್ದಲ್ಲ ಪಾಕ್ ಸು," ಎಂದಳು. ದನಿ ಅವಳಿಗೇ ಹೆದರಿಕೆಯಾಗುವಷ್ಟು ಗಟ್ಟಿಯಾಗಿ ಬಂತು. "ಬರೀ ಜೇನು. ನಿಮ್ ಕಣ್ಣು ಹೋಗ್ತಾ ಇದೆ, ಮಕ್ ಕಾಲು ಹೋಗ್ತಾ ಇದೆ. ಎಲ್ರೂ ಇವತ್ತೇ ಆಸ್ಪತ್ರೆಗೆ ನಡೀರಿ. ಟಿವಿಲಿ ಆ ಮನುಷ್ಯ ಹೇಳಿದ್ದು ಸುಳ್ಳು."

ಪಾಕ್ ಸು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ.

"ಹಂಗಾದ್ರೆ ಅವನ್ ಪಕ್ಕ ಯಾಕಮ್ಮಾ ನಗ್ತಾ ನಿಂತಿದ್ದೆ?"

ರೋಸ್ನಾನಿ ಕಾರಣ ಹುಡುಕಿದಳು. ಕೆಲಸ ಹೋದೀತು ಅಂತ ಅನ್ನಲೇ? ಗುರುಗಳಿಗೆ ಎದುರಾಡಬಾರದು ಅಂತ ಅನ್ನಲೇ? ಈ ಮುದುಕನ ಕಣ್ಣಿನ ಮುಂದೆ ಯಾವ ಮಾತಿಗೂ ಬೆಲೆಯಿರಲಿಲ್ಲ.

ಉತ್ತರ ಹಿಂದಿನಿಂದ ಬಂತು.

"ಅವಳನ್ನೇನ್ ಕೇಳ್ತೀಯ? ನನ್ನ ಕೇಳು," ಎಂದಳು ಮಕ್. "ದೊಡ್ಡೋರು ಮಾತಾಡೋವಾಗ ಬಾಯಿ ಮುಚ್ಕೊಂಡು ನಗ್ತಾ ನಿಂತಿರು ಅಂತ ಹೊಡೆದು ಹೊಡೆದು ಕಲಿಸ್ದೋಳು ನಾನು." ಕೊಳವೆಯನ್ನು ಮುರಿದು ಬಿಸಾಡಿ ಮಗಳ ಕಡೆ ತಿರುಗಿದಳು. "ಈ ಬಾಯಿ ಆ ಟಿವಿಲಿ ಬಿಟ್ಟಿದ್ರೆ ಏನಾಗ್ತಿತ್ತೇ ನಿಂಗೆ? ನನ್ ಮಾನ ಕಳೆಯೋಕೇ ಉಳಿಸ್ಕೊಂಡಿದ್ಯಾ?"

ಜೇನಿನ ಪೆಟ್ಟಿಗೆಯ ಮುಚ್ಚಳವನ್ನು ಪಟ್ಟನೆ ಹಾಕಿ ಎಡಗಾಲು ಊರದೆ ಕಾರಿನ ಕಡೆ ಕುಂಟುತ್ತ ಹೊರಟಳು. ಪಾಕ್ ಸುವಿನ ತೋಳು ಹಿಡಿದು ಅವನನ್ನೂ ಎಳೆದುಕೊಂಡಳು. ರೋಸ್ನಾನಿ ಮೆಟ್ಟಿಲ ಬಳಿಯಿದ್ದ ಅಮ್ಮನ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದಳು.

"ಬಲಗಾಲಿಂದು ಮಾತ್ರ ಕೊಡು," ಎಂದಳು ಮಕ್, ಮುಖ ನೋಡದೆ. "ಇನ್ನೊಂದು ಅಲ್ಲೇ ಬಿಡು."