ಬೇಡ ಎನ್ನಲು ಹೇಳಿದ ಬೆಲೆ

ಆ ಮನೆಯವರು ಗಿರಾಕಿಯ ಮುಖಕ್ಕೆ ‘ಇಲ್ಲ’ ಎಂದವರಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ ಅದು, ಸೊಸೆಯ ಮಾವನ ಕಾಲದ್ದು. ಬಂದವನಿಗೆ ‘ಇಲ್ಲ’ ಎಂದರೆ ವ್ಯಾಪಾರ ಹೊಸಿಲಿನಿಂದಲೇ ಮುನಿಸಿಕೊಂಡು ಹೋಗುತ್ತದೆ ಎಂದು ಮಾವ ನಂಬಿದ್ದ. ಅವನು ದಿನವೂ ಬಳಸುವ ಸುತ್ತಿಗೆಯನ್ನೋ, ಕಿಟಕಿಯಲ್ಲಿಟ್ಟ ಹಳೆಯ ಕೈಯಂತ್ರವನ್ನೋ ತೋರಿಸಿ ಯಾರಾದರೂ “ಇದನ್ನ ಮಾರ್ತೀರಾ?” ಎಂದರೆ, ನಗುತ್ತಲೇ ಒಂದು ಮನೆ ಕೊಳ್ಳುವಷ್ಟು ಬೆಲೆ ಹೇಳುತ್ತಿದ್ದ. ಕೇಳಿದವನೂ ನಕ್ಕು ಸುಮ್ಮನಾಗುತ್ತಿದ್ದ. ಆಕಾಶದ ಬೆಲೆ ಹೇಳಿದರೆ ಮಾರುವುದಿಲ್ಲ ಎಂದು ತಿಳಿಯಬೇಕು. ಆ ಬೀದಿಯಲ್ಲಿ ಎಳೆ ಮಕ್ಕಳಿಗೂ ಅದು ಗೊತ್ತಿತ್ತು.

ಮಾವ ಹೋದ ಮೇಲೆ ಅಂಗಡಿ ಇಬ್ಬರು ಹೆಂಗಸರ ಕೈಗೆ ಬಂತು. ಮಗ ಬಸ್ಸು ಓಡಿಸುವವನು, ಎಣ್ಣೆ ಕೈ ಅವನಿಗೆ ಆಗದು. ಯಂತ್ರ ಬಿಚ್ಚಿ ಕೂಡಿಸುವುದು ಮಗಳ ಪಾಲಿಗೆ ಬಂತು. ಗಿರಾಕಿ, ಫೋನು, ಬಿಡಿಭಾಗ ತರಿಸುವುದು ಸೊಸೆಯ, ಅಂದರೆ ಅವಳ ಅತ್ತಿಗೆಯ ಪಾಲಿಗೆ. ಅತ್ತಿಗೆ ನಾದಿನಿ ಒಂದೇ ಸೂರಿನಡಿ ಕೂತರೆ ವಾರದೊಳಗೆ ಜುಟ್ಟು ಹಿಡಿಯುತ್ತಾರೆ ಎಂದು ಬೀದಿಯವರು ಕಾದರು. ಕಾದದ್ದೇ ಬಂತು. ಇಬ್ಬರ ಕೂದಲೂ ಅಲ್ಲೇ ನರೆಯಿತು.

ಅಂಗಡಿಗೆ ಬರುತ್ತಿದ್ದುದು ಹೆಚ್ಚಾಗಿ ಮಿರೋಲಾ ಯಂತ್ರಗಳು. ಒಂದು ಕಾಲಕ್ಕೆ ಮನೆಮನೆಯಲ್ಲೂ ಇದ್ದ ಕಬ್ಬಿಣದ ಯಂತ್ರ. ಕಂಪನಿ ಈಗ ಪ್ಲಾಸ್ಟಿಕ್ಕಿನದು ಮಾಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಜನ ಫೋನಿನಲ್ಲಿ ಏನು ಬರೆದು ಹುಡುಕುತ್ತಾರೋ ಅದೇ ನಮ್ಮ ವೆಬ್‌ಸೈಟಿನ ವಿಳಾಸವಾಗಬೇಕು ಎಂದು ಅತ್ತಿಗೆಗೆ ಹೊಳೆಯಿತು. ‘ಮಿರೋಲಾ ರಿಪೇರಿ’ ಎಂದು ಕೂಡಿಸಿ ಬರೆದು, ಮುಂದೆ ಒಂದು ಚುಕ್ಕಿ, ಕಾಮ್. ಹೆಸರು ಮಾರುವ ತಾಣದಲ್ಲಿ ಕೇಳಿದಳು. ‘ಈ ಹೆಸರು ಖಾಲಿ ಇದೆ’ ಎಂದು ಹಸಿರು ಅಕ್ಷರದಲ್ಲಿ ಬಂತು. ಖಾಲಿ ಇದೆ ಎಂದರೆ ಯಾರದ್ದೂ ಅಲ್ಲ ಎಂದುಕೊಂಡಳು. ಬಸ್ಸಿನಲ್ಲಿ ಖಾಲಿ ಸೀಟು ಕಂಡರೆ ಕೂರುವುದಿಲ್ಲವೆ, ಹಾಗೆ ದುಡ್ಡು ಕಟ್ಟಿ ತೆಗೆದುಕೊಂಡಳು.

ಆ ವಿಳಾಸದಿಂದ ಅಂಗಡಿ ಬದುಕಿತು. ಕಂಡು ಕೇಳದ ಊರುಗಳಿಂದ ಹಳೆ ಕಂಬಳಿಯಲ್ಲಿ ಸುತ್ತಿದ ಯಂತ್ರಗಳು ಪಾರ್ಸಲ್ಲಿನಲ್ಲಿ ಬಂದವು. ‘ನಮ್ಮಜ್ಜಿಯದು, ಹುಷಾರು’ ಎಂಬ ಚೀಟಿ ಒಳಗಿರುತ್ತಿತ್ತು. ನಾದಿನಿ ಅವನ್ನು ಎಳೆ ಕೂಸಿನಂತೆ ಬಿಚ್ಚುತ್ತಿದ್ದಳು.

ಹೀಗಿರಲು ಒಂದು ದಿನ ಯಾರೋ ಹೆಂಗಸಿನಿಂದ ನಯವಾದ ಇಮೇಲ್ ಬಂತು. ತಾನು ಯಾರ ಕಡೆಯವಳು ಎಂದು ಹೇಳಿರಲಿಲ್ಲ. ‘ನಿಮ್ಮ ಈ ವಿಳಾಸ ಮಾರುವ ಮನಸ್ಸಿದೆಯೆ? ಇದ್ದರೆ ಬೆಲೆ ತಿಳಿಸಿ’ ಎಂದಿತ್ತು. ಅತ್ತಿಗೆಗೆ ಮಾರುವ ಮನಸ್ಸು ಎಲ್ಲಿಂದ ಬರಬೇಕು? ಅವಳು ಮಾವನ ಸೊಸೆ. ನಗುತ್ತಲೇ ಒಂದು ಮನೆ ಕೊಳ್ಳುವಷ್ಟು ಬೆಲೆ ಬರೆದು ಕಳಿಸಿ, ಮರೆತೇಬಿಟ್ಟಳು. ನಾದಿನಿಗೆ ಹೇಳುವಷ್ಟು ದೊಡ್ಡ ಸಂಗತಿ ಅದು ಎಂದು ಅನ್ನಿಸಲೇ ಇಲ್ಲ.

ಮುಂದಿನ ತಿಂಗಳು ಬಂದದ್ದು ಕಂಪನಿಯ ವಕೀಲರ ನೋಟಿಸು. ಮಿರೋಲಾ ಎಂಬುದು ತಮ್ಮ ನೋಂದಾಯಿತ ಹೆಸರು, ವಿಳಾಸವನ್ನು ಬಿಟ್ಟುಕೊಡಿ, ಇಲ್ಲದಿದ್ದರೆ ದೂರು ಕೊಡುತ್ತೇವೆ ಎಂದಿತ್ತು.

ತನ್ನ ಅಮ್ಮನ ಯಂತ್ರವನ್ನು ಇಲ್ಲೇ ರಿಪೇರಿ ಮಾಡಿಸಿದ್ದ ವಕೀಲೆಯೊಬ್ಬಳಿದ್ದಳು. ಅವಳನ್ನು ಕರೆದರು. ಅವಳು ಸ್ಟೂಲಿನ ಮೇಲೆ ಕೂತು ಓದಿದಳು. ಮೊದಲು ಅವಳ ಮುಖ ಗೆಲುವಾಗಿತ್ತು.

“ಹೆದರ್ಬೇಡಿ. ಬೇರೆಯವರ ಬ್ರ್ಯಾಂಡು ವಿಳಾಸದಲ್ಲಿ ಇದ್ದ ಮಾತ್ರಕ್ಕೆ ಮುಗೀತು ಅಂತಲ್ಲ. ನೀವು ನಿಜವಾಗ್ಲೂ ಅದೇ ಯಂತ್ರ ರಿಪೇರಿ ಮಾಡ್ತೀರಲ್ಲ. ನಾವು ಕಂಪನಿಯವರಲ್ಲ ಅಂತ ಪೇಜಲ್ಲಿ ಎಲ್ಲಾದ್ರೂ ಹಾಕಿದ್ದೀರಾ?”

“ಕಂಪನಿಯವರ ಥರ ಕಾಣ್ತೀವಾ ನಾವು?” ಎಂದಳು ನಾದಿನಿ. “ಕಂಪನಿಯವರ ಉಗುರಲ್ಲಿ ಇಷ್ಟು ಗ್ರೀಸ್ ಇರುತ್ತಾ?”

“ಪೇಜಿಗೆ ಉಗುರಿಲ್ಲಕ್ಕ. ಬರೆದಿದ್ರೆ ಚೆನ್ನಾಗಿತ್ತು. ಇರಲಿ, ಅಷ್ಟಕ್ಕೆ ಸೋಲಲ್ಲ. ಇಂಥ ಹೆಸರಿನ ಜಗಳ ಬಿಡಿಸೋಕೆ ಅಂತಾನೇ ಪಂಚರಿದ್ದಾರೆ. ಕೆಟ್ಟ ಬುದ್ಧಿಯಿಂದ ಹೆಸರು ಹಿಡ್ಕೊಂಡಿದ್ರೆ ಮಾತ್ರ ಕಿತ್ಕೊಡ್ತಾರೆ. ನಿಮ್ಮದು ಒಳ್ಳೆ ಬುದ್ಧಿ ಅಂತ...”

ಹಾಳೆ ಮಗುಚಿದವಳ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದಳು.

“ಇದನ್ನ ಬರೆದೋರು ಯಾರು? ಈ ಬೆಲೆ?”

ಅತ್ತಿಗೆ ಬಗ್ಗಿ ನೋಡಿದಳು. ಅವಳ ಇಮೇಲು ಅಕ್ಷರ ಬಿಡದಂತೆ ಅಲ್ಲಿ ಅಚ್ಚಾಗಿತ್ತು. ನಯವಾದ ಆ ಹೆಂಗಸು ಕಂಪನಿಯ ಕಡೆಯವಳೇ.

“ನಾನೇ. ಅದು ಬೆಲೆ ಅಲ್ಲ ಕಣಮ್ಮ. ಮಾರಲ್ಲ ಅಂತ ಹೇಳಿದ್ದು.”

“ಮಾರಲ್ಲ ಅನ್ನೋಕೆ ರೇಟ್ ಹಾಕ್ತಾರಾ ಯಾರಾದ್ರೂ?”

“ನಾವು ಹಾಕ್ತೀವಿ” ಎಂದರು ಇಬ್ಬರೂ ಒಟ್ಟಿಗೆ.

ವಕೀಲೆ ನೋಟಿಸನ್ನು ಮಡಿಚಿ ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ದೊಡ್ಡವರ ಹೆಸರು ಕೊಂಡಿಟ್ಟುಕೊಂಡು, ಅವರಿಗೇ ದುಬಾರಿಗೆ ಮಾರಲು ಕೂರುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಪಂಚರು ಮೊದಲು ಹುಡುಕುವುದೇ ಆ ಗುರುತನ್ನು. ಈ ಒಂದು ಸಾಲು ಕಂಪನಿಯವರ ಕೈಗೆ ತಾನಾಗಿ ಸಿಕ್ಕಿದೆ. ನಮ್ಮ ಬೀದಿಯ ವಾಡಿಕೆ ಹೀಗೆ ಎಂದು ಬರೆಯಬಹುದು, ನಂಬಿದರೆ ನಂಬಿದರು. ಸೋತರೆ ವಿಳಾಸವೂ ಹೋಗುತ್ತದೆ, ಇಂಥ ಅಂಗಡಿಯವರು ಕೆಟ್ಟ ಉದ್ದೇಶದಿಂದ ಹೆಸರು ಹಿಡಿದಿದ್ದರು ಎಂಬ ತೀರ್ಪನ್ನು ಲೋಕವೆಲ್ಲ ಓದುವಂತೆ ಹಾಕುತ್ತಾರೆ.

“ಯೋಚಿಸಿ ಹೇಳಿ” ಎಂದು ಅವಳು ಎದ್ದು ಹೋದಳು.

ನಾದಿನಿ ಒಂದು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ಕೂತಳು. ಏನನ್ನೂ ತಿರುಗಿಸುತ್ತಿರಲಿಲ್ಲ.

“ನನಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತಿಗೆ?”

“ಹೇಳೋ ಮಾತು ಅಂತ ಅನ್ನಿಸ್ಲಿಲ್ಲ ಕಣೇ.”

“ಅನ್ನಿಸ್ಲಿಲ್ಲವಂತೆ. ಹೋರಾಡೋಣ. ನಾವೇನು ಕಳ್ಳರಾ?”

“ಅಲ್ಲ ಅಂತ ಯಾರಿಗೆ ಗೊತ್ತು? ಬೀದಿಗೆ ಗೊತ್ತು. ಆ ಪಂಚರು ನಮ್ಮ ಬೀದೀಲಿ ತರಕಾರಿ ಕೊಂಡವರಾ?”

ನಾದಿನಿ ಎದ್ದು ಒಳಗೆ ಹೋದಳು. ಆ ದಿನ ಅವರಿಬ್ಬರ ನಡುವೆ ಮಾತು ನಡೆದದ್ದು ಸ್ಕ್ರೂಡ್ರೈವರ್ ಕೇಳುವುದಕ್ಕೆ, ಕೊಡುವುದಕ್ಕೆ ಮಾತ್ರ. ಅತ್ತಿಗೆಗೆ ಮೊಣಕಾಲು ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲವನ್ನೂ ಮೊದಲಿನಿಂದ ಯಾರಿಗೋ ಬಿಡಿಸಿ ಹೇಳಬೇಕಲ್ಲ ಎಂಬುದೇ ನೋಯುತ್ತಿತ್ತು. ವಿಳಾಸ ತನ್ನ ತಲೆಯಿಂದ ಬಂದದ್ದು, ಹೋಗುವುದೂ ತನ್ನ ತಲೆಯಿಂದಲೇ ಹೋಗಲಿ. ಆದರೆ ‘ಕೆಟ್ಟ ಉದ್ದೇಶ’ ಎಂಬ ಮಾತು ನಾದಿನಿಯ ಕೈಕೆಲಸಕ್ಕೆ ಅಂಟಬಾರದು.

ಮರುದಿನ ಬೆಳಿಗ್ಗೆ ಅವಳೇ ಕಂಪನಿಯ ವಕೀಲನಿಗೆ ಫೋನು ಮಾಡಿದಳು. ನಾದಿನಿ ಪಕ್ಕದಲ್ಲೇ ಇದ್ದಳು, ತಡೆಯಲಿಲ್ಲ.

“ವಿಳಾಸ ಬಿಟ್ಕೊಡ್ತೀನಿ ಸ್ವಾಮಿ.”

“ಒಳ್ಳೇದು. ಎಷ್ಟಕ್ಕೆ?” ಆ ಕಡೆಯ ದನಿಯಲ್ಲಿ ನಗೆಯಿತ್ತು.

“ಬಿಟ್ಟಿ.”

“ಮೊದಲು ಬೆಲೆ ಹೇಳಿದ್ರಲ್ಲ?”

“ಅದು ಬೇಡ ಅನ್ನೋ ಮಾತು.”

“ಹಾಗಾದ್ರೆ ಬೇಡ ಅಂತಲೇ ಬರೀಬೇಕಿತ್ತಮ್ಮ.”

ಅವನು ಹೇಳಿದ್ದರಲ್ಲಿ ಅವಳಿಗೆ ತಪ್ಪು ಕಾಣಲಿಲ್ಲ. ಅಷ್ಟು ವರ್ಷ ಬಾಯಲ್ಲಿ ಬಾರದ ಮಾತನ್ನು ಒಂದು ಇಮೇಲಿಗೋಸ್ಕರ ಕಲಿಯಬೇಕಿತ್ತು, ಅಷ್ಟೆ.

“ಒಂದೇ ಕೇಳ್ತೀನಿ. ಜನರ ಯಂತ್ರಗಳು ನಮ್ಮ ಹತ್ರ ಇವೆ. ಅವು ಮನೆ ಸೇರೋ ತನಕ ವಿಳಾಸ ನಮ್ಮಲ್ಲೇ ಇರ್ಲಿ. ಇಲ್ದಿದ್ರೆ ನಾವು ಹೊತ್ಕೊಂಡು ಓಡಿಹೋದ್ವಿ ಅಂದ್ಕೋತಾರೆ. ತೀರ್ಪು ಗೀರ್ಪು ಎಲ್ಲೂ ಬೇಡ.”

ಆ ಕಡೆ ಕೊಂಚ ಹೊತ್ತು ಕೀಲಿಮಣೆಯ ಸದ್ದು. ಆಮೇಲೆ, “ತಿಂಗಳ ಕೊನೆವರೆಗೆ. ದೂರು ಕೊಡಲ್ಲ. ಬರೆದು ಕಳಿಸ್ತೀನಿ.”

ಫೋನು ಇಟ್ಟಾಗ ನಾದಿನಿ ಅಂದದ್ದು ಇಷ್ಟೇ: “ಮನೆ ಕೊಳ್ಳೋ ಬೆಲೆಯಿಂದ ಬಿಟ್ಟಿಗೆ ಬಂದೆ. ಇಂಥ ಚೌಕಾಸಿ ನಮ್ಮಪ್ಪನೂ ನೋಡಿಲ್ಲ.”

ಹೊಸ ವಿಳಾಸಕ್ಕೆ ಹೆಸರು ಹುಡುಕುವುದೇ ಒಂದು ಕೆಲಸವಾಯಿತು. ಒಂದು ಹೆಸರು ಹೇಳಿದರೆ ಅದು ಯಾವುದೋ ಸೋಪಿನದು, ಇನ್ನೊಂದು ಟೈರಿನದು. ಈ ಸಲ ಖಾಲಿ ಇದ್ದರೂ ವಕೀಲೆಯನ್ನು ಕೇಳದೆ ಮುಟ್ಟಲಿಲ್ಲ. ಕೊನೆಗೆ ‘ಹಳೆ ಹೊಲಿಗೆ ಯಂತ್ರ’ ಎಂಬುದಕ್ಕೆ ಅವಳು ತಲೆಯಾಡಿಸಿದಳು. ಮಿರೋಲಾ ರಿಪೇರಿ ಮಾಡುತ್ತೇವೆ ಎಂದು ಒಳಗೆ ಬರೆಯಬಹುದು, ಆದರೆ ‘ನಾವು ಕಂಪನಿಯವರಲ್ಲ’ ಎಂದು ಮೇಲೇ ಇರಬೇಕು ಎಂದಳು.

“ಬಂದವರಿಗೆ ಮೊದಲೇ ನಾವು ಯಾರಲ್ಲ ಅಂತ ಹೇಳ್ಬೇಕಾ?” ಎಂದಳು ನಾದಿನಿ. “ಹೆಣ್ಣು ನೋಡೋಕೆ ಬಂದವರಿಗೆ ಹುಡುಗಿ ಕುಂಟಿ ಅಲ್ಲ ಅಂತ ಬಾಗಿಲಲ್ಲೇ ಕೂಗಿದಂಗೆ.”

“ಕೂಗೋಣ. ಕೂಗದೆ ಕೆಟ್ಟಿದ್ದು ಸಾಕು.”

ತಿಂಗಳು ಮುಗಿಯುವಷ್ಟರಲ್ಲಿ ಯಂತ್ರಗಳು ಒಂದೊಂದಾಗಿ ಹೊರಟವು, ಬಿಡಿಭಾಗ ತಡವಾಗಿ ಒಂದು ಮಾತ್ರ ಉಳಿಯಿತು. ತಿಂಗಳು ಕಳೆದ ಮೇಲೆ ಹಳೆಯ ವಿಳಾಸ ಬರೆದರೆ ಕಂಪನಿಯ ಪ್ಲಾಸ್ಟಿಕ್ ಯಂತ್ರಗಳು ಮಿರಮಿರ ಮಿಂಚುತ್ತ ಬರುತ್ತಿದ್ದವು. ಫೋನು ದಿನಕ್ಕೊಮ್ಮೆ ಬಡಿದುಕೊಂಡರೆ ಹೆಚ್ಚು. ಬಡಿದುಕೊಂಡರೂ “ಅಂಗಡಿ ಮುಚ್ಚಿದ್ರಂತೆ?” ಎಂಬ ಪ್ರಶ್ನೆ.

ಕೊನೆಯ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದರು. ಒಳಗಿಡುವ ಚೀಟಿಗೆ ಅತ್ತಿಗೆ ಹೊಸ ವಿಳಾಸ ಬರೆಯುತ್ತಿದ್ದಳು. ಬೆರಳು ಸೆಟೆದುಕೊಂಡು ಅಕ್ಷರ ಸೊಟ್ಟಗಾಯಿತು. ಹರಿದು ಇನ್ನೊಂದು ಬರೆದಳು, ಅದೂ ಸೊಟ್ಟ.

ನಾದಿನಿ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು ಅವಳ ಕೈಯಿಂದ ಪೆನ್ನು ಕಿತ್ತುಕೊಂಡಳು.

“ಕೊಡಿಲ್ಲಿ. ನಿನ್ನ ಬರಹದಿಂದ ಇನ್ನೊಂದು ನೋಟಿಸು ಬರೋದು ಬೇಡ. ಹೋಗು, ಟೀ ಇಡು.”

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಎದ್ದಳು. ವಾರಗಳಿಂದ ಅವಳಿಗೆ ಯಾರೂ ಇಷ್ಟು ಹಗುರವಾದ ಕೆಲಸ ಹೇಳಿರಲಿಲ್ಲ.